ಬಿಡಿಸಲು ಹೋದವನು

ಬೆಳಿಗ್ಗೆ ಅಣ್ಣ ಹೊಡೆದ ಏಟಿಗೆ ಕೆಳತುಟಿಯ ಬಲಗಡೆ ಒಡೆದು ಊದಿಕೊಂಡಿತ್ತು. ನಾಲಿಗೆ ಬೇಡವೆಂದರೂ ಅಲ್ಲಿಗೇ ಹೋಗಿ ಮುಟ್ಟಿ ಮುಟ್ಟಿ ಬರುತ್ತಿತ್ತು. ಪದಕೋಶದ ಕಚೇರಿಯ ಎರಡನೆಯ ಮಹಡಿಯಲ್ಲಿ, ಕಿಟಕಿಗೆ ಬೆನ್ನು ಹಾಕಿದ ತನ್ನ ಮೇಜಿನ ಮುಂದೆ ಕೂತು ಅವನು ಒಂಬತ್ತು ದಿನದಿಂದ ಖಾಲಿ ಉಳಿದಿದ್ದ ಒಂದು ಕಾರ್ಡನ್ನು ನೋಡುತ್ತಿದ್ದ. ಕಾರ್ಡಿನ ಮೂಲೆಯಲ್ಲಿ ಟೈಪಾಗಿದ್ದ ಇಂಗ್ಲಿಷ್ ಪದ ರಿಡೆಂಪ್ಶನ್. ಅದರ ಹಿಂದಿನವೂ ಮುಂದಿನವೂ ಅರ್ಥ, ಬಳಕೆ, ಉದಾಹರಣೆ ಸಮೇತ ಸಿದ್ಧವಾಗಿ ತಗಡಿನ ಡಬ್ಬಿ ಸೇರಿಯಾಗಿತ್ತು. ಇದೊಂದು ಮಾತ್ರ ಹಲ್ಲು ಬಿದ್ದ ಜಾಗದ ಹಾಗೆ ಉಳಿದುಕೊಂಡಿತ್ತು. ಬೆಳಿಗ್ಗೆ ಅಣ್ಣ ‘ಅದು, ಅದು ಕೊಡು’ ಎಂದಿದ್ದ. ಇವನು ಬಾಚಣಿಗೆ ಕೊಟ್ಟ. ಅಣ್ಣನಿಗೆ ಬೇಕಾಗಿದ್ದದ್ದು ಟವೆಲ್ಲು. ಅಷ್ಟಕ್ಕೆ ಸ್ಟೀಲ್ ಚೊಂಬು ಎಡಗೈಯಲ್ಲಿ ಸುಂಯ್ಯೆಂದು ಬಂತು. ಬಂದದ್ದು ಕಂಡಿತ್ತು, ಬಗ್ಗಬಹುದಿತ್ತು, ಬಗ್ಗಲಿಲ್ಲ. ಯಾವತ್ತೂ ಬಗ್ಗುತ್ತಿರಲಿಲ್ಲ. ಏಟು ಬೀಳುವ ಮುಂಚೆ ಕಣ್ಣು ಮುಚ್ಚುತ್ತಿದ್ದ. ಬಿದ್ದ ಮೇಲೆ ಒಳಗೆಲ್ಲೋ ಒಂದು ಬಿಗಿದ ಬೋಲ್ಟು ಅರ್ಧ ಸುತ್ತು ಸಡಿಲವಾದ ಹಾಗೆ ಆಗುತ್ತಿತ್ತು. ಆ ಅರ್ಧ ಸುತ್ತಿನ ಬಲದಲ್ಲಿ ಅವನು ಎರಡು ಮೂರು ದಿನ ಸಲೀಸಾಗಿ ಉಸಿರಾಡಬಲ್ಲವನಾಗಿದ್ದ. ಆಮೇಲೆ ಬೋಲ್ಟು ತಾನಾಗಿಯೇ ಮತ್ತೆ ಬಿಗಿಯುತ್ತಿತ್ತು.

“ಏನ್ರೀ, ನಿಮಗೆ ರಿಡೆಂಪ್ಶನ್ ಇನ್ನೂ ಸಿಕ್ಕಿಲ್ವಾ?”

ಸಂಪಾದಕರು ಬಂದು ನಿಂತಿದ್ದರು. ಅರವತ್ತು ದಾಟಿದ, ಜೇಬಿನ ತುಂಬ ಪೆನ್ನು ಸಿಕ್ಕಿಸಿಕೊಂಡ ಮನುಷ್ಯ. ಮಾತಿನಲ್ಲಿ ಯಾರನ್ನಾದರೂ ಸ್ವಲ್ಪ ಗೀರದಿದ್ದರೆ ಅವರಿಗೆ ದಿನ ಶುರುವಾಗುತ್ತಿರಲಿಲ್ಲ. ಕೋಣೆಯಲ್ಲಿದ್ದ ನಾಲ್ಕೈದು ಜನ ನಕ್ಕರು. ಅವನೂ ನಗಲು ಹೋದ. ತುಟಿ ಬಿರಿದು ಉಪ್ಪು ರುಚಿ ಬಂತು. ಹಿಂದಿನ ದಿನ ಬರೆದಿಟ್ಟಿದ್ದ ಚೀಟಿಯನ್ನು ಮುಂದೆ ಮಾಡಿದ. ಸಂಪಾದಕರು ಅದನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು.

“ಉದ್ಧಾರ. ವಿಮೋಚನೆ. ಮುಕ್ತಿ. ಭೇಷ್. ಈ ಉದ್ಧಾರ ಅನ್ನೋದನ್ನ ನಮ್ಮ ಜನ ಯಾವಾಗ ಬಳಸ್ತಾರೆ ಹೇಳಿ ನೋಡೋಣ. ನೀನು ಉದ್ಧಾರ ಆಗಲ್ಲ ಕಣೋ ಅನ್ನೋವಾಗ. ಅದು ಬಿಟ್ರೆ, ಉದ್ಧಾರ ಆದ ಹಾಗೇ ಇದೆ ಅನ್ನೋವಾಗ. ಹೊಗಳೋದಕ್ಕೆ ಆ ಮಾತು ಆಡಿದ್ದನ್ನ ನಾನಂತೂ ಕೇಳಿಲ್ಲ. ಅದು ಬೈಗುಳ ರೀ. ಮುಕ್ತಿ ಕಾಣಿಸ್ತೀನಿ ಅಂದ್ರೆ ಕೊಂದುಹಾಕ್ತೀನಿ ಅಂತ. ಇನ್ನು ವಿಮೋಚನೆ, ಅದನ್ನ ಮೈಕ್ ಇಲ್ಲದೆ ಹೇಳೋಕೇ ಆಗಲ್ಲ. ಮನುಷ್ಯರು ಮನೆಯಲ್ಲಿ ಆಡೋ ಮಾತು ಬೇಕು ನನಗೆ.”

ಟೈಪಿಸ್ಟ್ ಹೆಂಗಸು ತಲೆಯೆತ್ತದೆ ಹೇಳಿದಳು: “ಬಿಡಿಸಿಕೊಳ್ಳೋದು ಅಂತ ಹಾಕಬಹುದಲ್ವಾ ಸಾರ್? ಅಡವಿಟ್ಟಿದ್ದನ್ನ ಬಿಡಿಸ್ಕೊಳ್ಳೋದು. ಸೆರೆ ಸಿಕ್ಕಿದೋರನ್ನ ಬಿಡಿಸೋದು.”

“ನೋಡಿ, ಟೈಪ್ ಮಾಡೋರಿಗೆ ಹೊಳೀತು, ಅರ್ಥ ಬರೆಯೋರಿಗೆ ಹೊಳೀಲಿಲ್ಲ. ಬಿಡಿಸು. ಎಂಥ ಪದ ಗೊತ್ತಾ ಅದು? ಹಣ್ಣಿನ ಸಿಪ್ಪೆ ಬಿಡಿಸ್ತೀವಿ, ಗಂಟು ಬಿಡಿಸ್ತೀವಿ, ಲೆಕ್ಕ ಬಿಡಿಸ್ತೀವಿ, ಜಗಳ ಬಿಡಿಸ್ತೀವಿ. ಇದರಲ್ಲಿ ಯಾವುದು ಇಂಗ್ಲಿಷಿಗೆ ಹೊಂದುತ್ತೆ, ಯಾವುದು ಹೊಂದಲ್ಲ, ಒಂದೊಂದಕ್ಕೂ ಒಂದು ವಾಕ್ಯ ಬರೀರಿ. ಇವತ್ತೇ ಬೇಕು.” ಹೋಗುವ ಮುಂಚೆ ಅವನ ತುಟಿಯ ಕಡೆ ನೋಡಿದರು. “ಮತ್ತೆ ಬಾಗಿಲಿಗೆ ಬಡಿದುಕೊಂಡ್ರಾ? ನಿಮ್ಮ ಮನೇಲಿ ಬಾಗಿಲುಗಳೆಲ್ಲ ಬಹಳ ಒರಟು.”

ಜಗಳ ಬಿಡಿಸುವುದು ಎಂದು ಪೆನ್ಸಿಲಿನಲ್ಲಿ ಬರೆದುಕೊಂಡ. ಬರೆದ ಕೈ ತನ್ನದೇ ಹೌದೋ ಎಂದು ನೋಡಿದ. ಬಲಗೈಯ ನಾಲ್ಕು ಬೆರಳು, ಅವುಗಳ ನಡುವೆ ಎಡಗೈಯ ನಾಲ್ಕು ಬೆರಳು ತೂರಿಸಿ ಮೇಜಿನ ಕೆಳಗೆ ಬೀಗ ಹಾಕಿದ ಹಾಗೆ ಬಿಗಿದ. ಹೀಗೆಯೇ. ಅಣ್ಣನ ಎದೆಯ ಮೇಲೆ ಹೀಗೆಯೇ ಬೆಸೆದುಕೊಂಡಿದ್ದವು. ಇಪ್ಪತ್ತೆರಡು ವರ್ಷದ ಹಿಂದೆ ಅಣ್ಣನದು ಲೇತ್ ಶಾಪು. ಆ ಬೆಳಿಗ್ಗೆ ಇವನು ಅಳತೆ ತಪ್ಪಿಸಿ ಒಂದು ಶಾಫ್ಟು ಕೆಡಿಸಿದ್ದ. ಅರ್ಧ ಮಿಲಿಮೀಟರು. ಅಣ್ಣ ಕತ್ತಿನ ಹಿಂಭಾಗ ಹಿಡಿದು, ಲೇತಿನ ಕೆಳಗೆ ಬಿದ್ದಿದ್ದ ಕಬ್ಬಿಣದ ಸುರುಳಿ ಚೂರುಗಳ ರಾಶಿಗೆ ಮುಖ ಒತ್ತಿದ. “ಪುಸ್ತಕದ ಹುಳ, ಇದನ್ನ ಓದೋ, ಓದು,” ಎಂದ. ಕೆಲಸಕ್ಕೆ ಕಾದಿದ್ದ ಗಿರಾಕಿಗಳು ನಕ್ಕರು. ಇಪ್ಪತ್ತನಾಲ್ಕು ವರ್ಷದವನ ಮುಖ. ಕೆನ್ನೆಯಲ್ಲಿ ನೆಟ್ಟ ಚೂರುಗಳನ್ನು ಹೊರಗೆ ನಿಂತು ಉಗುರಿನಲ್ಲಿ ಒಂದೊಂದಾಗಿ ಕೀಳುತ್ತಿದ್ದಾಗಲೇ ಪಕ್ಕದ ಅಂಗಡಿಯ ವೆಲ್ಡರ್ ತನ್ನ ಕೈಗಾಡಿಯನ್ನು ಅಣ್ಣನ ಬಾಗಿಲಿಗೆ ಅಡ್ಡ ನಿಲ್ಲಿಸಿದ್ದು. ತೆಗಿ ಎಂದ ಅಣ್ಣ. ತೆಗೀತೀನಿ ಇರು ಎಂದ ವೆಲ್ಡರ್. ‘ಇರು’ ಎಂಬ ಎರಡಕ್ಷರಕ್ಕೆ ಅಣ್ಣನ ಕೈಯಲ್ಲಿದ್ದ ಬೋಲ್ಟು ಬಿಗಿಯುವ ಪಾನಾ ಎದ್ದಿತು. ವೆಲ್ಡರನ ಮೂಗು ಒಡೆಯಿತು, ಹುಬ್ಬು ಸೀಳಿತು, ನೆಲಕ್ಕೆ ಬಿದ್ದ ಮೇಲೂ ಅಣ್ಣ ನಿಲ್ಲಿಸಲಿಲ್ಲ. “ಯಾರಾದ್ರೂ ಬಿಡಿಸ್ರೋ,” ಎಂದು ಯಾರೋ ಕೂಗಿದರು. ಅವನು ಹೋದ. ಹಿಂದಿನಿಂದ ಅಣ್ಣನ ಕಂಕುಳಲ್ಲಿ ಕೈ ತೂರಿಸಿ, ಎದೆಯ ಮೇಲೆ ಬೆರಳು ಬೆಸೆದು ಹಿಡಿದ. ಅಲ್ಲಿಯವರೆಗೆ ಎಲ್ಲ ಸರಿ. ಅಲ್ಲಿಯವರೆಗೆ ಯಾವ ಪದಕೋಶವಾದರೂ ಒಪ್ಪುವ ಅರ್ಥವೇ. ವೆಲ್ಡರ್ ನೆಲಕ್ಕೆ ಕೈಯೂರಿ ಎದ್ದ. ಮುಖದ ರಕ್ತ ಒರೆಸಿಕೊಂಡ. ಸುತ್ತ ನೋಡಿದ. ಗೋಡೆಗೆ ಒರಗಿಸಿದ್ದ ಸರಳು ಅವನ ಕಣ್ಣಿಗೆ ಬಿತ್ತು. ಅವನು ಹೋಗಿ ಅದನ್ನು ಎತ್ತಿಕೊಂಡು ತಿರುಗಿ ಬರುವಷ್ಟು ಹೊತ್ತು ಇತ್ತು. ಅಣ್ಣನ ಬೆವರಿನ ವಾಸನೆ, ಲೇತಿನ ಎಣ್ಣೆಯ ವಾಸನೆ. “ಯಾವನ್ಲೇ ಅದು ಹಿಂದೆ, ಬಿಡು, ಬಿಡೋ,” ಎಂದು ಅಣ್ಣ ಒದ್ದಾಡಿದ. ಬಿಡಬಹುದಿತ್ತು. ಬೆರಳು ಬಿಚ್ಚಿದರೆ ಸಾಕಾಗಿತ್ತು. ಬೆರಳುಗಳು ಬಿಗಿದವು. ಸರಳು ಬಿದ್ದ ಸದ್ದು ಅವನಿಗೆ ಕಿವಿಯಿಂದ ಕೇಳಿಸಲಿಲ್ಲ. ಅಣ್ಣನ ಬೆನ್ನಿನ ಮೂಲಕ ತನ್ನ ಎದೆಗೇ ಬಂತು. ಆಮೇಲೆ ಅಣ್ಣ ಇದ್ದಕ್ಕಿದ್ದಂತೆ ಬಹಳ ಭಾರವಾದ.

ನ್ಯಾಯಾಲಯದಲ್ಲಿ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ. ನೀನು ಅಲ್ಲಿ ಏನು ಮಾಡುತ್ತಿದ್ದೆ? ಬಿಡಿಸೋಕೆ ಹೋಗಿದ್ದೆ. ಗುಮಾಸ್ತ ಅದನ್ನು ಹಾಗೆಯೇ ಬರೆದುಕೊಂಡ. ಸುಳ್ಳು ಹೇಳಲಿಲ್ಲ ಎಂಬ ಒಂದು ಹುಲ್ಲುಕಡ್ಡಿ ಅವನ ಕೈಯಲ್ಲಿ ಅಂದಿನಿಂದ ಉಳಿದಿತ್ತು. ಅಣ್ಣನ ಎಡಗಣ್ಣು ಹೋಯಿತು, ಬಲಗೈ ಸೋತಿತು, ಪದಗಳು ಚೆಲ್ಲಿಹೋದವು. ಬಾಚಣಿಗೆ, ಟವೆಲ್ಲು, ಚಮಚ, ಹೆಂಡತಿಯ ಹೆಸರು ಎಲ್ಲ ‘ಅದು’ ಆದವು. ಬೈಗುಳ ಮಾತ್ರ ಒಂದೂ ಹೋಗಲಿಲ್ಲ. ಬೈಗುಳ ಮೆದುಳಿನ ಬೇರೆ ಕಪಾಟಿನಲ್ಲಿರುತ್ತದೆ ಎಂದು ಡಾಕ್ಟರು ನಗುತ್ತಾ ಹೇಳಿದ್ದರು. ಆ ಉಳಿದ ಮಾತುಗಳನ್ನೆಲ್ಲ ಅಣ್ಣ ಒಬ್ಬನ ಮೇಲೆ ಸುರಿಯುತ್ತಿದ್ದ: ತನ್ನನ್ನು ಹಿಂದಿನಿಂದ ಹಿಡಿದುಕೊಂಡವನ ಮೇಲೆ. ಅದು ವೆಲ್ಡರನ ಭಾವಮೈದುನ ಎಂದು ಅಣ್ಣ ತೀರ್ಮಾನಿಸಿದ್ದ. ಅವನೂ ಆವತ್ತು ಗುಂಪಿನಲ್ಲಿದ್ದ, ಮತ್ತೆ ಇನ್ಯಾರು? ನೋಡಿದವರ ಲೆಕ್ಕದಲ್ಲಿ ತಮ್ಮನಾದವನು ಬಿಡಿಸಲು ಹೋದವನು; ಹಿಡಿದದ್ದೂ ಅವನೇ ಎಂದು ಅಣ್ಣನಿಗೆ ಯಾರೂ ಹೇಳಲಿಲ್ಲ. ಓಡಾಡುವಂತಾದ ಮೂರನೆಯ ತಿಂಗಳು ಅಣ್ಣ ಆ ಮನುಷ್ಯನನ್ನು ಟೀ ಅಂಗಡಿಯ ಮುಂದೆ ಹಿಡಿದು, ಅವನ ಬಲಗೈಯನ್ನು ಕಲ್ಲುಬೆಂಚಿನ ಮೇಲೆ ಮೊಣಕಾಲಿನಿಂದ ಒತ್ತಿ, ಎಡಗೈಯಲ್ಲಿ ಸುತ್ತಿಗೆ ಬೀಸಿದ. ಎರಡು ಬೆರಳು ಜಜ್ಜಿಹೋದವು. ‘ನಾನಲ್ಲ, ನಾನಲ್ಲ’ ಎಂದು ಅವನು ಅರಚುತ್ತಿದ್ದ. ಇವನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ನೋಡಿದ. ಆಮೇಲೆ ಬಿಡಿಸಲು ಹೋದ.

“ಸಾರ್, ನಿಮ್ಮನ್ನ ಕೇಳ್ಕೊಂಡು ಯಾರೋ ಬಂದಿದ್ದಾರೆ,” ಎಂದಳು ಟೈಪಿಸ್ಟ್. “ಅರ್ಧ ಗಂಟೆಯಿಂದ ಮೆಟ್ಟಿಲ ಹತ್ತಿರ ಕೂತಿದ್ದಾರೆ. ಒಳಗೆ ಬನ್ನಿ ಅಂದ್ರೆ ಬರ್ತಿಲ್ಲ.”

ಮೆಟ್ಟಿಲ ಮೇಲೆ ಕೂತಿದ್ದವನ ಕೂದಲು ಪೂರಾ ಬಿಳಿಯಾಗಿತ್ತು. ಬೆಂಕಿ ನೋಡಿ ನೋಡಿ ಕಣ್ಣುಗಳಲ್ಲಿ ಸದಾ ನೀರು. ಹುಬ್ಬಿನ ಸೀಳು ಮಾತ್ರ ಹಾಗೆಯೇ ಇತ್ತು. ಅದರಿಂದಲೇ ಗುರುತು ಸಿಕ್ಕಿತು. ವೆಲ್ಡರ್. ನಾಲ್ಕು ವರ್ಷ ಜೈಲಿನಲ್ಲಿದ್ದು, ಆಮೇಲೆ ಬೇರೆ ಊರಿಗೆ ಹೋಗಿದ್ದಾನೆಂದು ಕೇಳಿದ್ದ. ಸತ್ತಿರಬಹುದು ಎಂದು ಕೆಲವು ಸಲ ಅಂದುಕೊಂಡಿದ್ದ, ಸತ್ತಿರಲಿ ಎಂದೂ.

“ಗುರುತು ಸಿಗ್ತಾ?” ಎಂದ ವೆಲ್ಡರ್.

“ಕೆಳಗೆ ಹೋಗೋಣ ಬಾ.”

ಕಟ್ಟಡದ ಹಿಂದೆ ಮುದ್ರಣಾಲಯದ ಓಣಿ. ಕತ್ತರಿಸಿದ ಕಾಗದದ ಅಂಚುಗಳನ್ನು ಮೂಟೆ ಕಟ್ಟಿ ಎಸೆಯುವ ಜಾಗ. ಒಳಗಿನ ಯಂತ್ರದ ಸದ್ದಿಗೆ ಗೋಡೆ ಅದುರುತ್ತಿತ್ತು. ವೆಲ್ಡರ್ ಒಂದು ಮೂಟೆಯ ಮೇಲೆ ಕೂರಲು ಹೋಗಿ, ಬೇಡವೆಂದು ನಿಂತ.

“ಬಹಳ ಹೊತ್ತು ತಗೊಳ್ಳಲ್ಲ. ನನ್ನ ಹೆಂಡತಿ ತಮ್ಮ, ಅದೇ ಬೆರಳು ಹೋದೋನು, ಸತ್ತು ಐದು ವರ್ಷ ಆಯ್ತು. ಕೊನೇವರೆಗೂ ಅವನಿಗೆ ವೆಲ್ಡಿಂಗ್ ಕೆಲಸ ಮಾಡೋಕೆ ಆಗಲಿಲ್ಲ. ಆವತ್ತು ಅವನು ಚರಂಡಿ ಆಚೆ ನಿಂತಿದ್ದ, ನಿಮ್ಮಣ್ಣನ್ನ ಮುಟ್ಟೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು. ನಿಮ್ಮಣ್ಣ ಈಗಲೂ ಬೀದೀಲಿ ನಿಂತು ಅವನನ್ನ ಬಯ್ತಾನಂತೆ. ಸತ್ತೋನನ್ನ. ನನ್ನ ಹೆಂಡತಿ ತವರಿಗೆ ಬಂದಾಗೆಲ್ಲ ಅದನ್ನ ಕೇಳಿಸ್ಕೊಂಡು ಬಂದು ಗೋಡೆ ಕಡೆ ಮುಖ ಮಾಡಿ ಮಲಗಿಬಿಡ್ತಾಳೆ.”

“ನನ್ನಿಂದ ಏನಾಗ್ಬೇಕು?”

“ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರ್ತೀನಿ. ಹೊಡೆದೋನು ನಾನು, ತಪ್ಪಾಯ್ತು ಅಂತ ನಿಮ್ಮಣ್ಣನ ಎದುರಿಗೆ ಹೇಳ್ತೀನಿ. ಅವನು ಏನು ಬೇಕಾದ್ರೂ ಮಾಡ್ಲಿ. ಉಪ್ಪು ತಿಂದ ಮೇಲೆ ನೀರು ಕುಡೀಬೇಕು. ಆದ್ರೆ ಹಿಡ್ಕೊಂಡೋನು ಯಾರು ಅಂತ ಕೇಳ್ತಾನಲ್ಲ. ಅದನ್ನೂ ಹೇಳ್ತೀನಿ. ನಿನಗೆ ಮೊದಲೇ ತಿಳಿಸೋದು ನ್ಯಾಯ ಅಂತ ಬಂದೆ.”

“ನಾನು ಬಿಡಿಸೋಕೆ ಹೋಗಿದ್ದೆ.”

ವೆಲ್ಡರ್ ಒದ್ದೆ ಕಣ್ಣುಗಳಿಂದ ಅವನನ್ನು ನೋಡಿದ. ಕೋಪವಿರಲಿಲ್ಲ. ಅದೇ ತಡೆಯಲಾಗದ್ದು. “ನಾನು ಸರಳು ಎತ್ತಿದಾಗ ನಿನ್ನ ಮುಖಾನೇ ನೋಡ್ತಿದ್ದೆ ಕಣೋ,” ಎಂದ. “ನೀನು ಬಿಟ್ಟುಬಿಡ್ತೀಯ, ಅವನು ತಪ್ಪಿಸ್ಕೊಳ್ತಾನೆ, ನಾನು ಗೋಡೆಗೆ ಹೊಡ್ದು ಸುಮ್ಮನಾಗ್ತೀನಿ ಅಂದ್ಕೊಂಡಿದ್ದೆ. ನೀನು ಇನ್ನೂ ಗಟ್ಟಿಯಾಗಿ ಹಿಡಿದೆ. ನಿನ್ನ ಕೆನ್ನೇಲಿ ರಕ್ತ ಇತ್ತು. ನಾನು ಹೊಡೆದಿದ್ದಲ್ಲ ಅದು. ಜೈಲಲ್ಲಿ ನಾಲ್ಕು ವರ್ಷ ಯೋಚನೆ ಮಾಡ್ದೆ, ಇವನು ಯಾಕೆ ಹೀಗೆ—”

ಮಾತು ಮುಗಿಯಲಿಲ್ಲ. ತನ್ನ ಮುಷ್ಟಿ ಆ ಬಾಯಿಗೆ ಅಪ್ಪಳಿಸಿದ್ದು ಅವನಿಗೆ ಬೆರಳಗೆಣ್ಣಿನ ನೋವಿನಿಂದ ಗೊತ್ತಾಯಿತು. ಹುಟ್ಟಿದಾಗಿನಿಂದ ಯಾರನ್ನೂ ಹೊಡೆದವನಲ್ಲ. ಎರಡನೆಯ ಏಟು ಕಿವಿಯ ಮೇಲೆ ಬಿತ್ತು. ವೆಲ್ಡರ್ ಕಾಗದದ ಮೂಟೆಗಳ ನಡುವೆ ಕುಸಿದ. ಒಂದು ಮೂಟೆ ಹರಿದು ಸಣ್ಣ ಸಣ್ಣ ಬಿಳಿ ಪಟ್ಟಿಗಳು ಅವನ ತಲೆ, ಭುಜ, ತೊಡೆಯ ಮೇಲೆಲ್ಲ ಸುರಿದವು. ಇವನು ಕಾಲಿನಿಂದ ಪಕ್ಕೆಗೆ ಒದ್ದ, ಇನ್ನೊಮ್ಮೆ ಒದ್ದ, ಚಪ್ಪಲಿ ಕಳಚಿ ಹಾರಿತು, ಬರಿಗಾಲಲ್ಲೇ ಒದ್ದ. ಮುದುಕನ ಪಕ್ಕೆಲುಬು ಪಾದಕ್ಕೆ ಒಂದೊಂದಾಗಿ ಸಿಗುತ್ತಿತ್ತು. ಏಳು, ಕೈಯೆತ್ತು, ಬಯ್ಯಿ ಎಂದು ಮನಸ್ಸು ಕೂಗುತ್ತಿತ್ತು. ವೆಲ್ಡರ್ ಕೈಯೆತ್ತಲಿಲ್ಲ. ಮುಖಕ್ಕೆ ಅಡ್ಡ ಕೂಡ ಹಿಡಿಯಲಿಲ್ಲ. ಕೊರಳಪಟ್ಟಿ ಹಿಡಿದು ಮುಖವನ್ನು ಮೇಲಕ್ಕೆ ಎಳೆದಾಗ ಆ ಮುಖ ಕಂಡಿತು. ಕಣ್ಣು ಮುಚ್ಚಿತ್ತು. ಒಡೆದ ತುಟಿಯ ಸುತ್ತ, ಹಣೆಯ ಮೇಲೆ, ಒಂದು ನೆಮ್ಮದಿ ಹರಡಿತ್ತು. ನೋವಿನ ಒಳಗಿಂದ ಬರುವ, ಅರ್ಧ ಸುತ್ತು ಸಡಿಲವಾದ ನೆಮ್ಮದಿ. ಅದನ್ನು ಅವನು ಯಾವ ಕನ್ನಡಿಯಲ್ಲೂ ನೋಡಿರಲಿಲ್ಲ, ಆದರೂ ಅದು ಯಾರ ಮುಖವೆಂದು ತಕ್ಷಣ ಗೊತ್ತಾಯಿತು. ಪ್ರತಿ ವಾರ ಅಣ್ಣನ ಎಡಗೈಯ ಕೆಳಗೆ ತಾನು ಇಡುವ ಮುಖ ಅದು. ಅಸಹ್ಯವಾಯಿತು. ಕೊರಳಪಟ್ಟಿ ಬಿಟ್ಟ.

“ಸಾಕಾ?” ಎಂದ ವೆಲ್ಡರ್ ಕಣ್ಣು ತೆರೆದು. “ಇನ್ನೂ ಬೇಕಿದ್ರೆ ಹೊಡಿ. ಆದ್ರೆ ನಾಳೆ ಬರ್ತೀನಿ.”

ಹಿಂದಿನ ಬಾಗಿಲಲ್ಲಿ ಟೈಪಿಸ್ಟ್ ನಿಂತಿದ್ದಳು, ಅವಳ ಹಿಂದೆ ಸಂಪಾದಕರು. ಯಾವಾಗಿನಿಂದ ನಿಂತಿದ್ದರೋ. ಟೈಪಿಸ್ಟ್ ಬಂದು ವೆಲ್ಡರನನ್ನು ಎಬ್ಬಿಸಿ, ತಲೆಯ ಮೇಲಿನ ಕಾಗದದ ಪಟ್ಟಿಗಳನ್ನು ಆರಿಸಿ ತೆಗೆದಳು. ಇವನ ಕಡೆ ತಿರುಗಿ ನೋಡಲಿಲ್ಲ. “ಮುದುಕರನ್ನ,” ಎಂದಳು, ಅಷ್ಟೇ. ಆ ಮಾತಿಗೆ ಕ್ರಿಯಾಪದ ಬೇಕಾಗಿರಲಿಲ್ಲ. ಸಂಪಾದಕರು ಚಪ್ಪಲಿಯನ್ನು ಕಾಲಿನಿಂದ ಇವನತ್ತ ನೂಕಿ, “ಇವತ್ತು ಮನೆಗೆ ಹೋಗಿ. ನಾಳೆ ಬರೋದೂ ಬೇಡ. ನಾನು ಹೇಳಿ ಕಳಿಸ್ತೀನಿ,” ಎಂದರು. ಹದಿನೆಂಟು ವರ್ಷ ಕೂತ ಮೇಜಿನ ಮೇಲೆ ಕನ್ನಡಕ ಬಿಟ್ಟು ಬಂದದ್ದು ಅರ್ಧ ದಾರಿಯಲ್ಲಿ ನೆನಪಾಯಿತು. ಹಿಂದಿರುಗಲಿಲ್ಲ. ಅಕ್ಷರ ಮಬ್ಬಾದ ಅಂಗಡಿ ಫಲಕಗಳ ಕೆಳಗೆ ನಡೆದ. ಬಸ್ಸು ನಿಲ್ಲುವಲ್ಲಿ ನಿಂತ, ಬಸ್ಸು ಬಂತು, ಹತ್ತಲಿಲ್ಲ. ವೆಲ್ಡರನನ್ನು ತಡೆಯುವ ದಾರಿಗಳು ಒಂದೊಂದಾಗಿ ಮನಸ್ಸಿಗೆ ಬಂದವು. ಅವನಿಗೆ ಹುಚ್ಚು ಎನ್ನಬಹುದು. ಅಣ್ಣನನ್ನು ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದು. ಬಂದವನನ್ನು ಮನೆ ಬಾಗಿಲಲ್ಲೇ ಹಿಡಿದು, ಮೆಟ್ಟಿಲ ಕೆಳಗೆ ನೂಕಿದರೆ ಆ ವಯಸ್ಸಿಗೆ ಸೊಂಟ ಮುರಿದೀತು. ತಲೆ ಮೊದಲು ಬಿದ್ದರೆ ಇನ್ನೂ ಸುಲಭ. ಮೆಟ್ಟಿಲು ಒಟ್ಟು ಏಳು. ಏಳು ಎಂದು ಎಣಿಸಿದ್ದಕ್ಕೆ ಬೆಚ್ಚಿದ. ಹಾಗಾದರೆ ಆವತ್ತು ಕೆನ್ನೆ ಉರಿಯುತ್ತಿತ್ತು, ಯೋಚಿಸಲು ಹೊತ್ತಿರಲಿಲ್ಲ, ಕೈ ತಾನಾಗಿ ಬಿಗಿಯಿತು ಎಂದು ಇಷ್ಟು ವರ್ಷ ಹೇಳಿಕೊಂಡದ್ದು? ಇವತ್ತು ಬೇಕಾದಷ್ಟು ಹೊತ್ತಿದೆ, ಕೆನ್ನೆ ಉರಿಯುತ್ತಿಲ್ಲ, ಆದರೂ ಮೆಟ್ಟಿಲು ಎಣಿಸುತ್ತಿದ್ದಾನೆ. ನಾನೇ ಹೇಳುತ್ತೇನೆ ಎಂದು ಗಟ್ಟಿಯಾಗಿ ಅಂದ. ಪಕ್ಕದಲ್ಲಿ ಹೋಗುತ್ತಿದ್ದ ಹೆಂಗಸು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿ ದೂರ ಸರಿದಳು. ಹೇಳಿದರೆ ಅಣ್ಣ ಹೊಡೆಯುತ್ತಾನೆ. ಚೊಂಬು, ತಟ್ಟೆಯಲ್ಲಿ ಅಲ್ಲ, ಸರಿಯಾಗಿ ಹೊಡೆಯುತ್ತಾನೆ. ಕೊಂದರೂ ಕೊಲ್ಲಬಹುದು. ಹಾಗೆಂದುಕೊಂಡಾಗ ಹೆಜ್ಜೆ ಹಗುರವಾಯಿತು.

ನಾಲ್ಕು ಗಂಟೆಯ ಬಿಸಿಲು ಹಿತ್ತಲ ಕಟ್ಟೆಯ ಮೇಲೆ ಓರೆಯಾಗಿ ಬಿದ್ದಿತ್ತು. ಅಣ್ಣ ಅಲ್ಲಿ ಕೂತು ತನ್ನ ಹಳೆಯ ಅರ, ಉಳಿ, ಡ್ರಿಲ್ ಬಿಟ್ಟುಗಳನ್ನು ಸೀಮೆಎಣ್ಣೆಯ ತಟ್ಟೆಯಲ್ಲಿ ತೊಳೆದು ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದ. ಲೇತ್ ಶಾಪು ಹೋಗಿ ಎಷ್ಟೋ ವರ್ಷವಾದರೂ ಅದೊಂದು ಕೆಲಸ ಬಿಟ್ಟಿರಲಿಲ್ಲ. ಒಳಗೆ ಅತ್ತಿಗೆಯ ಹೊಲಿಗೆ ಯಂತ್ರ ಓಡುತ್ತಿತ್ತು. ಮನೆ ನಡೆಯುತ್ತಿದ್ದುದರಲ್ಲಿ ಅರ್ಧ ಪಾಲು ಅದರದೇ.

“ಏನ್ಲೇ ಇಷ್ಟ್ ಬೇಗ?” ಎಂದ ಅಣ್ಣ. “ಓಡ್ಸಿಬಿಟ್ರಾ, ದಂಡಪಿಂಡ?”

ಅವನು ಕಟ್ಟೆಯ ಕೆಳಗೆ ನೆಲದ ಮೇಲೆ ಕೂತ. ಅಣ್ಣನ ಎಡಗೈಗೆ ಎಟಕುವಷ್ಟು ಹತ್ತಿರ. ಸುತ್ತಿಗೆ ಎಲ್ಲಿದೆ ಎಂದು ನೋಡಿಕೊಂಡ, ಬಟ್ಟೆಯ ತುದಿಯಲ್ಲಿತ್ತು.

“ಅಣ್ಣ, ಆವತ್ತು ನಿನ್ನ ಹಿಂದಿನಿಂದ ಹಿಡ್ಕೊಂಡಿದ್ದು ವೆಲ್ಡರನ ಭಾವಮೈದುನ ಅಲ್ಲ. ನಾನು.”

ಅಣ್ಣ ಅರವೊಂದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಎತ್ತಿ, ಸೋರಲು ಬಿಟ್ಟ. ಕೇಳಿಸಿತೋ ಇಲ್ಲವೋ. ಒಳಗೆ ಹೊಲಿಗೆ ಯಂತ್ರ ನಿಂತಿತು.

“ಬಿಡಿಸೋಕೆ ಅಂತ್ಲೇ ಹೋದೆ. ಆಮೇಲೆ ಅವನು ಸರಳು ತಗೊಂಡ. ನನಗೆ ಕಾಣಿಸ್ತು ಅಣ್ಣ. ನೀನು ಬಿಡು ಬಿಡು ಅಂದೆ.”

ಅಣ್ಣನ ಬಾಯಿ ಪದ ಹುಡುಕುವಾಗ ಯಾವಾಗಲೂ ಆಗುವಂತೆ ಒಂದು ಪಕ್ಕಕ್ಕೆ ಸೊಟ್ಟಗಾಯಿತು. ಒಂದೇ ಕಣ್ಣು ಅವನ ಕೈಗಳ ಮೇಲೆ ನಿಂತಿತು. ಕೊನೆಗೆ ಲೇತಿನ ಕಸುಬಿನ ಎರಡು ಮಾತು ಹೊರಬಂದವು.

“ಸಡಿಲ... ಸಡಿಲ ಮಾಡಿದ್ಯಾ, ಬಿಗಿ ಮಾಡಿದ್ಯಾ?”

“ಬಿಗಿ ಮಾಡ್ದೆ.”

ಅಣ್ಣನ ಎಡಗೈ ಎದ್ದಿತು. ಅವನು ಕಣ್ಣು ಮುಚ್ಚಿ ಮುಖವನ್ನು ಸ್ವಲ್ಪ ಮೇಲಕ್ಕೆ ಎತ್ತಿದ. ಗಾಳಿ ತಾಗುವುದಕ್ಕೆ ಕಾದ. ಪಕ್ಕದ ಮನೆಯಲ್ಲಿ ನಲ್ಲಿ ತಿರುಗಿಸಿದ ಸದ್ದು, ಕೊಡ ತುಂಬುವ ಸದ್ದು, ಕೊಡ ತುಂಬಿ ಚೆಲ್ಲುವ ಸದ್ದು. ಕಣ್ಣು ತೆರೆದಾಗ ಅಣ್ಣ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಆಮೇಲೆ ಎದ್ದು, ಬಚ್ಚಲಿಗೆ ಹೋಗಿ, ಸೋಪು ಹಾಕಿ ಕೈ ತೊಳೆಯಲು ಶುರುಮಾಡಿದ. ಸೋತ ಬಲಗೈಯನ್ನು ಎಡಗೈಯಿಂದ, ಬೆರಳ ಸಂದಿಗಳನ್ನೆಲ್ಲ, ಮೊಣಕೈವರೆಗೂ.

“ಹೊಡಿ ಅಣ್ಣ,” ಎಂದು ಅವನು ಬಚ್ಚಲ ಬಾಗಿಲಿಗೆ ಹೋದ. “ನಿನಗೆ ಕೈ ಮುಗೀತೀನಿ, ಹೊಡಿ.” ಸುತ್ತಿಗೆಯನ್ನು ತಂದು ಅಣ್ಣನ ಮುಂದೆ ಹಿಡಿದ. ಅಣ್ಣ ಅದನ್ನು ದಾಟಿ ಟವೆಲ್ಲು ತೆಗೆದುಕೊಂಡ, ತಾನೇ. ಅವನು ತನ್ನ ಎಡಗೈಯನ್ನು ಕಟ್ಟೆಯ ಮೇಲಿಟ್ಟು ಬಲಗೈಯಲ್ಲಿ ಸುತ್ತಿಗೆ ಎತ್ತಿದ್ದೂ ಆಯಿತು. ಅತ್ತಿಗೆ ಬಂದು ಸುತ್ತಿಗೆ ಕಿತ್ತುಕೊಂಡು, ಇನ್ನೊಂದು ಕೈಯಿಂದ ಅವನ ಕೆನ್ನೆಗೆ ಬಾರಿಸಿದಳು. ಒಡೆದ ತುಟಿ ಮತ್ತೆ ಒಡೆಯಿತು. ಅವಳು ಈ ಮನೆಗೆ ಬಂದಾಗ ಅವನಿನ್ನೂ ಕಾಲೇಜಿನಲ್ಲಿದ್ದ. ಇವತ್ತಿನವರೆಗೆ ಒಂದು ಕೆಟ್ಟ ಮಾತು ಆಡಿದವಳಲ್ಲ.

“ಬೆರಳು ಜಜ್ಜಿಕೊಂಡು ನಾಳೆಯಿಂದ ನನ್ನ ಕೈಲಿ ತುತ್ತು ತಿನ್ನಿಸ್ಕೊಳ್ತೀಯಾ?” ಎಂದಳು. ಅವಳ ದನಿ ಏರಲಿಲ್ಲ. “ಒಬ್ಬರಿಗೆ ಮಾಡ್ತಿರೋದು ಸಾಲದಾ ನಾನು? ಅವರು ಹೊಡೆದಾಗೆಲ್ಲ ನಿನ್ನ ಮುಖ ನೋಡ್ತಿದ್ದೆ. ಎಷ್ಟು ಸಹನೆ ಇವನಿಗೆ ಅಂತ ನಾಲ್ಕು ಜನರ ಹತ್ತಿರ ಹೇಳ್ಕೊಂಡೆ. ತಮ್ಮ ಅಂದ್ರೆ ಹೀಗಿರಬೇಕು ಅಂದೆ. ಅದು ಸಹನೆ ಅಲ್ಲ, ಅಲ್ವಾ? ನಿನಗೆ ಬೇಕಿತ್ತು ಅದು. ನನ್ನ ಗಂಡನ ಕೈಯಿಂದ ದಿನಾ ಒಂದಿಷ್ಟು ಕಿತ್ಕೊಂಡು ತಿಂತಿದ್ದೆ.”

“ಅತ್ತಿಗೆ, ನಾಳೆ ವೆಲ್ಡರ್ ಬರ್ತಾನೆ.”

“ಅದಕ್ಕೆ ಇವತ್ತು ಹೇಳಿದೆ,” ಎಂದಳು ಅವಳು. ಕೇಳಲಿಲ್ಲ, ಹೇಳಿದಳು. ಸುತ್ತಿಗೆಯನ್ನು ಒಳಗೆ ತೆಗೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ಮತ್ತೆ ಶುರುವಾಯಿತು. ಒಂದು ಸಲ ದಾರ ತುಂಡಾಯಿತು, ಪೋಣಿಸಿ ಮುಂದುವರಿಸಿದಳು.

ಆ ಸಂಜೆ ಅಣ್ಣ ಬಯ್ಯಲಿಲ್ಲ. ಬೀದಿಗೆ ಹೋಗಿ ನಿಂತ, ರೂಢಿಯಂತೆ ಆ ಸತ್ತವನ ಹೆಸರು ಬಾಯಿಗೆ ಬಂದಿರಬೇಕು, ತುಟಿ ಅಲುಗಿತು, ನಿಂತಿತು. ಕೈಯಾಡಿಸಲು ಜಾಗವಿಲ್ಲದವನಂತೆ ಸ್ವಲ್ಪ ಹೊತ್ತು ಗೇಟು ಹಿಡಿದುಕೊಂಡಿದ್ದು ಒಳಗೆ ಬಂದ. ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ಚಮಚವಿರಲಿಲ್ಲ. ತಮ್ಮ ತಂದುಕೊಟ್ಟ. ಅಣ್ಣ ಅದನ್ನು ಮುಟ್ಟದೆ ಕೈಯಲ್ಲೇ ಉಂಡು ಎದ್ದ. ರಾತ್ರಿ ಗೋಡೆಯಾಚೆ ಅಣ್ಣನ ಉಸಿರು ಕೇಳುತ್ತ, ಈಗ ಬರುತ್ತಾನೆ, ಈಗ ಬಂದು ಕತ್ತು ಹಿಡಿಯುತ್ತಾನೆ ಎಂದು ಬಾಗಿಲಿಗೆ ಚಿಲಕ ಹಾಕದೆ ಮಲಗಿದ್ದ. ಬರುವುದೇನು, ಗೊರಕೆ ಬಂತು.

ವೆಲ್ಡರ್ ಎಂಟು ಗಂಟೆಗೆ ಬಂದ. ಬಾಯಿ ಊದಿತ್ತು, ಒಂದು ಕೈ ಪಕ್ಕೆ ಒತ್ತಿ ಹಿಡಿದಿತ್ತು. ಏಳು ಮೆಟ್ಟಿಲು ಹತ್ತಲು ಮೂರು ಕಡೆ ನಿಂತ. ಅಣ್ಣನೇ ಬಾಗಿಲು ತೆಗೆದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು: ಒಂದು ಸೀಳಿದ ಹುಬ್ಬು, ಒಂದು ಮುಚ್ಚಿದ ಕಣ್ಣು. ನಡುಮನೆಯ ಬೆಂಚಿನ ಮೇಲಿದ್ದ ತಮ್ಮ ಎದ್ದು ನಿಲ್ಲಲೂ ಆಗದೆ ಕೂತೇ ಇದ್ದ.

“ಹೊಡೆದೋನು ನಾನು,” ಎಂದ ವೆಲ್ಡರ್. “ತಪ್ಪಾಯ್ತು. ನನ್ನ ಭಾವಮೈದುನ—”

ಅಣ್ಣನ ಎಡಗೈ ಎದ್ದು ಅವನ ಕೆನ್ನೆಗೆ ಬಿತ್ತು. ಇಪ್ಪತ್ತೆರಡು ವರ್ಷ ಕೂಡಿಟ್ಟ ಏಟು. ವೆಲ್ಡರ್ ಬಾಗಿಲ ಚೌಕಟ್ಟಿಗೆ ಬಡಿದು, ಮೊಣಕಾಲೂರಿ, ಉಸಿರು ಸಿಗದೆ ಹಾಗೇ ಇದ್ದ. ಚೌಕಟ್ಟಿನ ಮೇಲೆ ರಕ್ತದ ಎಂಜಲು ಇಳಿಯಿತು. ಅತ್ತಿಗೆ ಅಡುಗೆಮನೆಯಿಂದ ಬಂದು ನಿಂತಳು. ಅಣ್ಣ ಮತ್ತೆ ಕೈಯೆತ್ತಲಿಲ್ಲ. ಬಗ್ಗಿ, ವೆಲ್ಡರನ ರಟ್ಟೆಗೆ ಕೈ ಹಾಕಿ ಎಳೆದ. ಒಂದೇ ಕೈಯಲ್ಲಿ ಆಗಲಿಲ್ಲ. ಸೋತ ಕೈಯನ್ನೂ ಅವನ ಬೆನ್ನ ಹಿಂದೆ ತಂದು ಎಬ್ಬಿಸಿದ.

“ಬಾರೋ,” ಎಂದ. “ಬೋಳಿಮಗನೆ, ಬಾ ಒಳಗೆ. ಇವಳೇ, ಇವನಿಗೆ ಅದು... ಅದು ಕೊಡು.”

“ಟೀ ಇಡ್ತೀನಿ,” ಎಂದಳು ಅತ್ತಿಗೆ.

ಮನೆಯಲ್ಲಿ ಕೂರಲು ಇದ್ದದ್ದು ಆ ಒಂದು ಬೆಂಚು. ವೆಲ್ಡರನ ಹೆಗಲು ಹಿಡಿದು ಅಣ್ಣ ಅದರ ಮುಂದೆ ಬಂದು ನಿಂತ. ತಮ್ಮ ತಲೆಯೆತ್ತಿದ. ಅಣ್ಣನ ಬಾಯಿ ಸೊಟ್ಟಗಾಗಿ ಪದ ಹುಡುಕಿತು. ಎಷ್ಟು ಕೆಳಗಿನಿಂದ ಎತ್ತಬೇಕಾಗಿತ್ತೋ, ಕುತ್ತಿಗೆಯ ನರ ಉಬ್ಬಿತು. ಯಾವ ಬೈಗುಳವಾದರೂ ಬರಲಿ ಎಂದು ಅವನು ಕಾದ. ಅಣ್ಣ ಬ್ಯಾಂಕಿನಲ್ಲೋ ಬಸ್ಸಿನಲ್ಲೋ ಪಕ್ಕದ ಅಪರಿಚಿತರಿಗೆ ಹೇಳುವ ಹಾಗೆ, ತಪ್ಪಿಲ್ಲದೆ, ಮೆಲ್ಲಗೆ ಹೇಳಿದ:

“ನೀವು ಸ್ವಲ್ಪ ಆ ಕಡೆ ಜರುಗ್ತೀರಾ? ಇವನು ಕೂತ್ಕೋಬೇಕು.”

ಅವನು ಜರುಗಿದ.